ಗಲ್ಲಾ ಬೇರೆ, ಫೋನು ಬೇರೆ, ಲಾಭ ಬೇರೆ: ಸಣ್ಣ ವ್ಯಾಪಾರಿಗೆ ಎಷ್ಟು ಲೆಕ್ಕ ಸಾಕು?

2025ರ ಜುಲೈನಲ್ಲಿ ನಮ್ಮ ಬೀದಿಯ ಟೀ ಅಂಗಡಿಯ ಕ್ಯೂಆರ್ ಕೋಡ್ ಮೇಲೆ ಒಂದು ಬೆಳಿಗ್ಗೆ ಹಳೆ ಕ್ಯಾಲೆಂಡರಿನ ಹಾಳೆ ಬಂದು ಕೂತಿತ್ತು. ಪಕ್ಕದಲ್ಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಚೀಟಿ: 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. ಬೆಂಗಳೂರಿನ ಎಷ್ಟೋ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಆಗ ಇದೇ ಕಥೆ. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐನಲ್ಲಿ ಬಂದ ದುಡ್ಡಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ಬಂದ ನೋಟಿಸ್ ಎಲ್ಲರ ಬಾಯಲ್ಲಿತ್ತು. ನಾಲ್ಕು ವರ್ಷದಲ್ಲಿ 1.63 ಕೋಟಿ ರೂಪಾಯಿ ವಹಿವಾಟು, ಅದಕ್ಕೆ 29 ಲಕ್ಷ ತೆರಿಗೆ ಅಂತ. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲವಲ್ಲ ಎಂದು ಆತ ಕೇಳಿದ್ದು ಸರಿಯಾಗಿಯೇ ಇತ್ತು.

ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಕರೆದರು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಜೊತೆ ಸಭೆ ನಡೆಯಿತು. ಹಳೆ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಜಿಎಸ್‌ಟಿಯ ವಹಿವಾಟು ಮಿತಿ ದಾಟಿದವರು ಮುಂದೆ ನೋಂದಣಿ ಮಾಡಿಸಬೇಕು ಎಂದು ಸರ್ಕಾರ ಹೇಳಿತು. ಬಂದ್ ಕೈಬಿಟ್ಟರು. ಕ್ಯಾಲೆಂಡರ್ ಹಾಳೆಯೂ ಒಂದು ದಿನ ಮಾಯವಾಯಿತು.

ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಇಬ್ಬರು ಮೂವರು ಸೇರಿ ನಡೆಸುವ ಅಂಗಡಿ, ವರ್ಕ್‌ಶಾಪ್, ಪುಟ್ಟ ಕಾರ್ಖಾನೆ ಎಷ್ಟು ಲೆಕ್ಕ ಇಡಬೇಕು? ಯಾರಿಗೆ ತೋರಿಸಬೇಕು? ಇವರಿಗಾಗಿಯೇ ಕಾನೂನಿನಲ್ಲಿ ಒಂದಷ್ಟು ಸುಲಭದ ದಾರಿಗಳಿವೆ. ಆ ದಾರಿಗಳನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ನೋಡೋಣ.

ಒಂದು ದಿನ, ಮೂರು ಅಂಕಿ

ಗೊಂದಲಕ್ಕೆಲ್ಲ ಮೂಲ ಮೂರು ಪದಗಳು. ಬಂದ ದುಡ್ಡು, ವಹಿವಾಟು, ಲಾಭ. ಮಾತಿನಲ್ಲಿ ನಾವು ಮೂರನ್ನೂ ಕಲಸಿಬಿಡುತ್ತೇವೆ. ಲೆಕ್ಕದಲ್ಲಿ ಮೂರೂ ಬೇರೆ ಬೇರೆ.

ಒಂದು ದಿನಸಿ ಅಂಗಡಿ ಅಂದುಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಗಲ್ಲಾದಲ್ಲಿ ಚಿಲ್ಲರೆ ಸೇರಿ 2,000 ರೂಪಾಯಿ ಇತ್ತು. ಹಳೆ ಕಾಲದ ಕಿರ್ದಿ ಪುಸ್ತಕದಲ್ಲಿ ಇದಕ್ಕೆ ಆರಂಭದ ಶಿಲ್ಕು ಎನ್ನುತ್ತಿದ್ದರು. ದಿನವಿಡೀ ನಗದು ವ್ಯಾಪಾರ 6,150. ಫೋನಿಗೆ ಬಂದ ವ್ಯಾಪಾರದ ದುಡ್ಡು 13,400. ಪಕ್ಕದ ಮನೆಯವರು 'ಬರ್ಕೊಳ್ಳಿ ಅಣ್ಣ' ಅಂತ ತೆಗೆದುಕೊಂಡು ಹೋದ ಉದ್ರಿ 620. ಹಾಲಿನವರಿಗೆ ಗಲ್ಲಾದಿಂದ ಕೊಟ್ಟದ್ದು 1,840. ಮನೆ ಖರ್ಚಿಗೆ ತೆಗೆದದ್ದು 500. ಮಧ್ಯಾಹ್ನ ಊರಿನಿಂದ ತಮ್ಮ, ಹಿಂದೆ ಪಡೆದಿದ್ದ ಕೈಸಾಲ ವಾಪಸ್ ಅಂತ ಅದೇ ಫೋನಿಗೆ 5,000 ಹಾಕಿದ.

ಸಂಜೆ ಎಣಿಸಿ. ಗಲ್ಲಾದಲ್ಲಿ ಉಳಿದದ್ದು 5,810. ಫೋನು ತೋರಿಸುವುದು 18,400. ಆ ದಿನದ ನಿಜವಾದ ವ್ಯಾಪಾರ, ಅಂದರೆ ವಹಿವಾಟು, ಎಷ್ಟು? ನಗದು 6,150, ಫೋನು 13,400, ಉದ್ರಿ 620, ಒಟ್ಟು 20,170.

ಮೂರೂ ಅಂಕಿ ಸರಿ. ಆದರೆ ಒಂದಕ್ಕೊಂದು ಹೊಂದುವುದಿಲ್ಲ. ತಮ್ಮ ಕಳಿಸಿದ 5,000 ಬಂದ ದುಡ್ಡೇ, ವ್ಯಾಪಾರ ಅಲ್ಲ. ಉದ್ರಿ 620 ವ್ಯಾಪಾರವೇ, ಆದರೆ ದುಡ್ಡು ಇನ್ನೂ ಬಂದಿಲ್ಲ. ಮನೆಗೆ ತೆಗೆದ 500 ಅಂಗಡಿಯ ಖರ್ಚಲ್ಲ, ಮಾಲೀಕರು ತಮ್ಮ ದುಡ್ಡನ್ನು ತಾವೇ ತೆಗೆದುಕೊಂಡದ್ದು. ಲಾಭ ಎಷ್ಟು ಅನ್ನುವುದಂತೂ ಈ ಯಾವ ಅಂಕಿಯಲ್ಲೂ ಇಲ್ಲ. ಆ ದಿನ ಮಾರಿದ ಸಾಮಾನಿನ ಕೊಂಡ ಬೆಲೆ, ಬಾಡಿಗೆ, ಕರೆಂಟು, ಹುಡುಗನ ಸಂಬಳ ಕಳೆದ ಮೇಲೆ ಉಳಿಯುವುದು ಲಾಭ.

ನೋಟಿಸ್ ಗಲಾಟೆಯಲ್ಲಿ ಆಗಿದ್ದು ಇದೇ. ಇಲಾಖೆಯ ಮುಂದಿದ್ದದ್ದು ಫೋನಿನ ಅಂಕಿ. ವ್ಯಾಪಾರಿಯ ತಲೆಯಲ್ಲಿದ್ದದ್ದು ಲಾಭದ ಅಂಕಿ. ಕಾನೂನು ಕೇಳುವುದು ನಡುವಿನದು, ಅಂದರೆ ವಹಿವಾಟು. ಅದನ್ನು ಬರೆದಿಟ್ಟವರು ಕಡಿಮೆ.

ಲೆಕ್ಕಪತ್ರ ಯಾರು ಓದುತ್ತಾರೆ?

ದೊಡ್ಡ ಕಂಪನಿಗಳು ವರ್ಷದ ಕೊನೆಗೆ ಮುಖ್ಯವಾಗಿ ಮೂರು ಪಟ್ಟಿ ತಯಾರಿಸುತ್ತವೆ. ಮೊದಲನೆಯದು ಲಾಭ ನಷ್ಟದ ಪಟ್ಟಿ. ವರ್ಷದಲ್ಲಿ ಎಷ್ಟು ದುಡಿದೆವು, ಎಷ್ಟು ಕಳೆದೆವು ಅಂತ ಹೇಳುತ್ತದೆ. ಎರಡನೆಯದು ಬ್ಯಾಲೆನ್ಸ್ ಶೀಟ್. ನಿಮ್ಮೂರಿನ ಸಹಕಾರ ಸಂಘದ ವಾರ್ಷಿಕ ವರದಿ ತೆರೆದರೆ ಅಲ್ಲಿ 'ಅಢಾವೆ ಪತ್ರಿಕೆ' ಅಂತ ಇರುತ್ತದಲ್ಲ, ಅದೇ ಇದು. ಮಾರ್ಚ್ 31ರ ಸಂಜೆಗೆ ನಮ್ಮ ಹತ್ತಿರ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕ. ಮೂರನೆಯದು ನಗದು ಹರಿವಿನ ಪಟ್ಟಿ. ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ.

ಇದರ ಜೊತೆಗೆ ಪುಟಗಟ್ಟಲೆ ಟಿಪ್ಪಣಿಗಳು. ಯಾಕಿಷ್ಟು? ಷೇರು ಪೇಟೆಯಲ್ಲಿರುವ ಕಂಪನಿಯಲ್ಲಿ ದುಡ್ಡು ಹಾಕಿದವರು ಲಕ್ಷಾಂತರ ಜನ. ಅವರು ಕಾರ್ಖಾನೆಯ ಗೇಟು ಕೂಡ ನೋಡಿರುವುದಿಲ್ಲ. ಅವರಿಗೆ ಇರುವ ಒಂದೇ ಕಿಟಕಿ ಆ ವರದಿ.

ದಿನಸಿ ಅಂಗಡಿಯ ಕಥೆ ಹಾಗಲ್ಲ. ದುಡ್ಡು ಹಾಕಿದವರೂ ಗಲ್ಲಾದಲ್ಲಿ ಕೂತವರೂ ಒಬ್ಬರೇ. ಅವರ ಲೆಕ್ಕ ಓದುವವರು ಮುಖ್ಯವಾಗಿ ಮೂವರು: ತೆರಿಗೆ ಇಲಾಖೆ, ಸಾಲ ಕೊಡುವ ಬ್ಯಾಂಕು, ಮತ್ತೆ ಅವರೇ. ಈ ಮೂವರಿಗಾಗಿ ನೂರು ಪುಟದ ವರದಿ ಮಾಡಿಸಿದರೆ ಅಕೌಂಟೆಂಟ್ ಫೀಸಿಗೇ ಲಾಭ ಹೋಗುತ್ತದೆ. ಚಿಕ್ಕವರಿಗೆ ಚಿಕ್ಕ ಲೆಕ್ಕ ಸಾಕು ಅನ್ನುವ ವಿಚಾರ ಹುಟ್ಟಿದ್ದು ಹೀಗೆ.

ಇದು ನಮ್ಮ ದೇಶದ ತಲೆನೋವು ಮಾತ್ರ ಅಲ್ಲ. ಲಂಡನ್ನಿನಲ್ಲಿರುವ ಅಂತರರಾಷ್ಟ್ರೀಯ ಲೆಕ್ಕಪತ್ರ ಮಾನದಂಡ ಮಂಡಳಿ 2009ರಲ್ಲಿ ಸಣ್ಣ ಮತ್ತು ಮಧ್ಯಮ ಸಂಸ್ಥೆಗಳಿಗೆಂದೇ ಹಗುರವಾದ ನಿಯಮದ ಪುಸ್ತಕ ತಂದಿತು. 2015ರಲ್ಲಿ ಅದನ್ನು ತಿದ್ದಿತು. 2025ರ ಫೆಬ್ರವರಿಯಲ್ಲಿ ಮೂರನೇ ಆವೃತ್ತಿ ಬಂತು, 2027ರ ಜನವರಿ 1ರಿಂದ ಅದು ಜಾರಿ. ಭಾರತ ಆ ಪುಸ್ತಕವನ್ನು ತೆಗೆದುಕೊಂಡಿಲ್ಲ. ನಮ್ಮಲ್ಲಿ ಸಣ್ಣವರಿಗೆ ಸಿಕ್ಕ ವಿನಾಯಿತಿಗಳು ಬೇರೆ ಬೇರೆ ಕಾಯ್ದೆಗಳಲ್ಲಿ ಚದುರಿ ಕೂತಿವೆ.

'ಸಣ್ಣ' ಅಂದರೆ ಎಷ್ಟು ಸಣ್ಣ?

ತಮಾಷೆ ಅಂದರೆ ಇದಕ್ಕೆ ಒಂದೇ ಉತ್ತರ ಇಲ್ಲ. ಒಂದು ಕಾಯ್ದೆಗೆ ಸಣ್ಣವರಾದವರು ಇನ್ನೊಂದಕ್ಕೆ ದೊಡ್ಡವರು.

ಎಂಎಸ್‌ಎಂಇ ಅಂತ ಕೇಳುತ್ತೀರಲ್ಲ, ಅಂದರೆ ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮ, ಅದು ಒಂದು ಅಳತೆ. 2025ರ ಏಪ್ರಿಲ್ 1ರಿಂದ ಅದರ ಮಿತಿಗಳು ಏರಿವೆ. ಯಂತ್ರೋಪಕರಣದ ಮೇಲಿನ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ಮೀರದಿದ್ದರೆ ಅತಿ ಸಣ್ಣ. ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿ ತನಕ ಸಣ್ಣ. 125 ಕೋಟಿ ಮತ್ತು 500 ಕೋಟಿ ತನಕ ಮಧ್ಯಮ. ಅಂದರೆ ನಮ್ಮ ದಿನಸಿ ಅಂಗಡಿಯೂ, 9 ಕೋಟಿ ವಹಿವಾಟಿನ ಸಗಟು ವ್ಯಾಪಾರಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ.

ಈ ಅಳತೆಯಲ್ಲಿ ಗುರುತಿಸಿಕೊಳ್ಳಲು ಉದ್ಯಮ್ ನೋಂದಣಿ ಇದೆ. 2020ರ ಜುಲೈ 1ರಂದು ಶುರುವಾದದ್ದು. ಸರ್ಕಾರಿ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಮಧ್ಯವರ್ತಿಗಳದ್ದು ಅಂತ ತಿಳಿಯಿರಿ. ತಯಾರಕರಿಗೆ, ಸೇವೆ ಕೊಡುವವರಿಗೆ ಇದರಿಂದ ಒಂದು ದೊಡ್ಡ ಉಪಯೋಗ ಇದೆ. ಇವರಿಂದ ಮಾಲು ತೆಗೆದುಕೊಂಡ ಕಂಪನಿ, ಕರಾರು ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡ ಮಾಡಿದರೆ ಆ ಖರ್ಚನ್ನು ದುಡ್ಡು ಕೊಟ್ಟ ವರ್ಷದಲ್ಲಷ್ಟೇ ತನ್ನ ಆದಾಯ ತೆರಿಗೆ ಲೆಕ್ಕದಲ್ಲಿ ಕಳೆಯಬಹುದು. ಈ ಸೌಲಭ್ಯ ಅತಿ ಸಣ್ಣ, ಸಣ್ಣ ಉದ್ಯಮಗಳಿಗೆ ಮಾತ್ರ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಇಲ್ಲ.

ಆದರೆ ಉದ್ಯಮ್ ಸರ್ಟಿಫಿಕೇಟ್ ಕೈಯಲ್ಲಿದೆ ಅಂತ ತೆರಿಗೆ ಲೆಕ್ಕ ಸರಳವಾಗುವುದಿಲ್ಲ. ಅಲ್ಲಿ ಅಳತೆಯೇ ಬೇರೆ.

ಆದಾಯ ತೆರಿಗೆ: ಲಾಭವನ್ನು ಅಂದಾಜಿನಲ್ಲಿ ಹೇಳುವ ದಾರಿ

ಸಾಮಾನ್ಯ ನಿಯಮ ಹೀಗಿದೆ. ವ್ಯಾಪಾರದ ಪ್ರತಿ ಖರ್ಚಿಗೂ ಬಿಲ್ ಇಟ್ಟು, ಕಳೆದು, ನಿಜವಾದ ಲಾಭ ಹೇಳಬೇಕು. ವಹಿವಾಟು 1 ಕೋಟಿ ದಾಟಿದರೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಆಡಿಟ್ ಮಾಡಿಸಬೇಕು. ಬರುವ ದುಡ್ಡಿನಲ್ಲೂ ಹೋಗುವ ದುಡ್ಡಿನಲ್ಲೂ ನಗದು ಶೇ 5 ಮೀರದಿದ್ದರೆ ಈ ಆಡಿಟ್ ಮಿತಿ 10 ಕೋಟಿ.

ಸಣ್ಣವರಿಗೆ ಬೇರೆ ದಾರಿ ಇದೆ. ಅಕೌಂಟೆಂಟುಗಳ ಬಾಯಲ್ಲಿ ಅದರ ಹೆಸರು 44ಎಡಿ, ಹಳೆ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ ನಂಬರ್. ಸರ್ಕಾರ ಹೇಳುವುದು ಇಷ್ಟೇ: 'ಖರ್ಚಿನ ಬಿಲ್ ತೋರಿಸುವುದು ಬೇಡ. ವಹಿವಾಟು ಎಷ್ಟು ಹೇಳಿ. ನಗದಿನಲ್ಲಿ ಬಂದದ್ದರಲ್ಲಿ ಶೇ 8, ಬ್ಯಾಂಕು ಅಥವಾ ಯುಪಿಐನಲ್ಲಿ ಬಂದದ್ದರಲ್ಲಿ ಶೇ 6 ನಿಮ್ಮ ಲಾಭ ಅಂತ ತಿಳಿಯುತ್ತೇವೆ.' ಗುತ್ತಿಗೆಗೆ ಕೊಟ್ಟ ಮಾವಿನ ತೋಪಿನ ಹಾಗೆ ಇದು. ಕಾಯಿ ಎಣಿಸುವ ಗೋಜಿಲ್ಲ, ಮರ ನೋಡಿ ಅಂದಾಜು ಕಟ್ಟಿ ಮುಗಿಸುವುದು.

ವರ್ಷದ ವಹಿವಾಟು 2 ಕೋಟಿ ಮೀರಬಾರದು. ನಗದು ವಸೂಲಿ ಶೇ 5ರ ಒಳಗಿದ್ದರೆ 3 ಕೋಟಿ ತನಕ ಸರಿ. ಒಬ್ಬರೇ ನಡೆಸುವ ವ್ಯಾಪಾರಕ್ಕೆ, ಹಿಂದೂ ಅವಿಭಕ್ತ ಕುಟುಂಬಕ್ಕೆ, ಪಾಲುದಾರಿಕೆ ಸಂಸ್ಥೆಗೆ ಸಿಗುತ್ತದೆ. ಎಲ್‌ಎಲ್‌ಪಿಗೆ (ಸೀಮಿತ ಹೊಣೆಯ ಪಾಲುದಾರಿಕೆ), ಕಂಪನಿಗೆ ಇಲ್ಲ. ಕಮಿಷನ್, ದಲ್ಲಾಳಿ, ಏಜೆನ್ಸಿ ವ್ಯವಹಾರಕ್ಕೂ ಇಲ್ಲ.

ನಮ್ಮ ದಿನಸಿ ಅಂಗಡಿಗೇ ಬರೋಣ. ದಿನಕ್ಕೆ ಸುಮಾರು 20,000 ಅಂದರೆ ವರ್ಷಕ್ಕೆ 72 ಲಕ್ಷ. ಅದರಲ್ಲಿ 50 ಲಕ್ಷ ಯುಪಿಐ, 22 ಲಕ್ಷ ನಗದು ಅಂತಿಟ್ಟುಕೊಳ್ಳಿ. 50 ಲಕ್ಷಕ್ಕೆ ಶೇ 6 ಅಂದರೆ 3 ಲಕ್ಷ. 22 ಲಕ್ಷಕ್ಕೆ ಶೇ 8 ಅಂದರೆ 1.76 ಲಕ್ಷ. ಒಟ್ಟು ಲಾಭ 4.76 ಲಕ್ಷ. ಬೇರೆ ಆದಾಯ ಇಲ್ಲದಿದ್ದರೆ, ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದ ತನಕ ಸಿಗುವ ರಿಯಾಯಿತಿಯಿಂದಾಗಿ ತೆರಿಗೆ ಸೊನ್ನೆ.

ಇಲ್ಲಿ ಒಂದು ಮಾತು ಗಮನಿಸಿ. ಇಡೀ 72 ಲಕ್ಷ ನಗದಿನಲ್ಲೇ ಬಂದಿದ್ದರೆ ಲಾಭ 5.76 ಲಕ್ಷ ಅಂತ ಲೆಕ್ಕವಾಗುತ್ತಿತ್ತು. ಕ್ಯೂಆರ್ ಕೋಡ್ ಮುಚ್ಚಿಟ್ಟವರು ಆದಾಯ ತೆರಿಗೆಯ ಮಟ್ಟಿಗೆ ತಮ್ಮ ಲೆಕ್ಕದ ಲಾಭವನ್ನು ತಾವೇ ಏರಿಸಿಕೊಂಡ ಹಾಗೆ.

ಡಾಕ್ಟರ್, ವಕೀಲರು, ಎಂಜಿನಿಯರ್ ಇಂಥ ವೃತ್ತಿಯವರಿಗೆ ಬೇರೆ ಅಳತೆ. ಫೀಸು 50 ಲಕ್ಷದ ತನಕ, ನಗದು ಶೇ 5ರೊಳಗಿದ್ದರೆ 75 ಲಕ್ಷದ ತನಕ, ಅರ್ಧದಷ್ಟನ್ನು ಲಾಭ ಅಂತ ತೋರಿಸಿದರೆ ಮುಗಿಯಿತು. ಲಾರಿ, ಟೆಂಪೊ ಮಾಲೀಕರಿಗೆ ವಹಿವಾಟನ್ನೇ ಕೇಳುವುದಿಲ್ಲ. ಹತ್ತು ಗಾಡಿಯ ತನಕ ಇದ್ದವರು ಸಣ್ಣ ಗಾಡಿಗೆ ತಿಂಗಳಿಗೆ 7,500, ಭಾರಿ ಗಾಡಿಗೆ ತಿಂಗಳಿಗೆ ಟನ್ನಿಗೆ 1,000ದಂತೆ ಲಾಭ ಹೇಳಬೇಕು.

ಅಂದಾಜು ಲಾಭದ ದಾರಿಯಲ್ಲಿ ಮುಂಗಡ ತೆರಿಗೆಯೂ ವರ್ಷಕ್ಕೆ ನಾಲ್ಕು ಕಂತು ಅಲ್ಲ. 44ಎಡಿ ಮತ್ತು ವೃತ್ತಿಯವರು ಮಾರ್ಚ್ 15ರೊಳಗೆ ಒಂದೇ ಸಲ ಕಟ್ಟಿದರೆ ಸಾಕು.

ಕಿರಿಕಿರಿಯ ಭಾಗ ಈಗ. ಶೇ 6, ಶೇ 8 ಅನ್ನುವುದು ಕನಿಷ್ಠ. ಈ ವರ್ಷ 44ಎಡಿ ಹಿಡಿದು, ಮುಂದಿನ ಐದು ವರ್ಷದಲ್ಲಿ ಯಾವಾಗಲಾದರೂ 'ಈ ಸಲ ಲಾಭ ಕಮ್ಮಿ' ಅಂತ ಕೆಳಗಿಳಿಸಿದರೆ, ಆಮೇಲೆ ಐದು ವರ್ಷ ಈ ಸೌಲಭ್ಯ ಸಿಗುವುದಿಲ್ಲ. ಆಗ ನಿಮ್ಮ ಆದಾಯವು ತೆರಿಗೆ ವಿನಾಯಿತಿ ಮಿತಿಗಿಂತ ಜಾಸ್ತಿ ಇದ್ದರೆ ಪುಸ್ತಕವೂ ಬೇಕು, ಆಡಿಟ್ಟೂ ಬೇಕು. ಒಂದು ವರ್ಷ ಒಳಗೆ, ಒಂದು ವರ್ಷ ಹೊರಗೆ ಅನ್ನುವ ಆಟಕ್ಕೆ ಅವಕಾಶ ಇಲ್ಲ.

ಇನ್ನೊಂದು. ಈ ದಾರಿಯವರು ತುಂಬುವ ಫಾರಂ ಐಟಿಆರ್-4, ಹೆಸರು 'ಸುಗಮ್'. ಲೆಕ್ಕದ ಪುಸ್ತಕ ಬೇಡ ಅನ್ನುವ ಈ ಫಾರಂ ಕೂಡ ನಾಲ್ಕು ಅಂಕಿ ಕೇಳಿಯೇ ಕೇಳುತ್ತದೆ. ವರ್ಷದ ಕೊನೆಗೆ ನೀವು ಕೊಡಬೇಕಾದ ಬಾಕಿ, ನಿಮಗೆ ಬರಬೇಕಾದ ಉದ್ರಿ, ಅಂಗಡಿಯಲ್ಲಿದ್ದ ದಾಸ್ತಾನು, ಕೈಯಲ್ಲಿದ್ದ ನಗದು. ಒಂದು ಸಲ ಯೋಚಿಸಿ, ಇದು ಪುಟಾಣಿ ಅಢಾವೆ ಪತ್ರಿಕೆಯೇ ಅಲ್ವಾ? ಎಷ್ಟೋ ಜನ ಜುಲೈನಲ್ಲಿ ಕೂತು ಮಾರ್ಚ್ 31ರ ದಾಸ್ತಾನನ್ನು ಸುಮ್ನೆ ಊಹಿಸಿ ಬರೆಸುತ್ತಾರೆ. ಅದೇ ಫಾರಂ ನಿಮ್ಮ ಜಿಎಸ್‌ಟಿ ಸಂಖ್ಯೆಯನ್ನೂ, ಅಲ್ಲಿ ತೋರಿಸಿದ ವಹಿವಾಟನ್ನೂ ಕೇಳುತ್ತದೆ. ಎರಡು ಕಡೆ ಎರಡು ಅಂಕಿ ಕೊಟ್ಟರೆ ಹೊಂದಿಸಿ ನೋಡಲು ಕಂಪ್ಯೂಟರಿಗೆ ಹೆಚ್ಚು ಹೊತ್ತು ಬೇಡ.

2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. ವ್ಯಾಪಾರಿ, ವೃತ್ತಿಪರರು, ಗಾಡಿ ಮಾಲೀಕರು ಮೂವರ ನಿಯಮವೂ ಅದರಲ್ಲಿ 58ನೇ ಸೆಕ್ಷನ್‌ನೊಳಗೆ ಒಟ್ಟಿಗೆ ಸೇರಿವೆ. ನಂಬರ್ ಬದಲಾಯಿತು, ಲೆಕ್ಕ ಹಾಕುವ ರೀತಿ ಅದೇ. ಜನರ ಬಾಯಲ್ಲಿ 44ಎಡಿ ಇನ್ನೂ ಬಹಳ ಕಾಲ ಉಳಿಯುತ್ತದೆ.

ಜಿಎಸ್‌ಟಿ: ಯಾವಾಗ ಒಳಗೆ ಬರಬೇಕು?

2017ರ ಜುಲೈ 1ರಂದು ಬಂದ ಜಿಎಸ್‌ಟಿಯಲ್ಲಿ ಕರ್ನಾಟಕದ ಮಟ್ಟಿಗೆ ಎರಡು ಮಿತಿ ನೆನಪಿಡಬೇಕು. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ದಾಟಿದ 30 ದಿನದಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು.

ಇಲ್ಲಿ ಜಾರುವ ಜಾಗ ಎರಡಿವೆ. ಹೋಟೆಲು, ಟೀ ಅಂಗಡಿ ಜಿಎಸ್‌ಟಿ ಕಣ್ಣಿಗೆ ಸೇವೆ. ಕುದಿಸಿ ಲೋಟದಲ್ಲಿ ಕೊಡುವ ಟೀ ಮಾರುವವರ ಮಿತಿ 20 ಲಕ್ಷ, ಅಂದರೆ ದಿನಕ್ಕೆ ಸುಮಾರು 5,500 ರೂಪಾಯಿ ವ್ಯಾಪಾರ. ಚೆನ್ನಾಗಿ ನಡೆಯುವ ಟೀ ಅಂಗಡಿ ಇದನ್ನು ಬೆಳಗಿನ ಹೊತ್ತಿನಲ್ಲೇ ಮುಟ್ಟಬಹುದು.

ಎರಡನೆಯದು ಇನ್ನೂ ಸೂಕ್ಷ್ಮ. ಮಿತಿ ದಾಟಿದೆಯೇ ಅಂತ ನೋಡುವಾಗ ತೆರಿಗೆ ಇಲ್ಲದ ಸಾಮಾನಿನ ವ್ಯಾಪಾರವೂ ಸೇರುತ್ತದೆ. ಬರೀ ತರಕಾರಿಯನ್ನೇ ಮಾರುವವರಿಗೆ, ಅಂದರೆ ಅಂಗಡಿಯಲ್ಲಿರುವುದೆಲ್ಲ ತೆರಿಗೆ ಇಲ್ಲದ್ದೇ ಆದರೆ, ಎಷ್ಟೇ ವ್ಯಾಪಾರವಾದರೂ ನೋಂದಣಿ ಬೇಡ. ಆದರೆ ಹಾಲಿನ ಪ್ಯಾಕೆಟ್ 35 ಲಕ್ಷದ್ದು, ಬಿಸ್ಕತ್ತು ಸೋಪು 8 ಲಕ್ಷದ್ದು ಮಾರುವ ಅಂಗಡಿಯ ವಹಿವಾಟು 43 ಲಕ್ಷ. ಹಾಲಿಗೆ ತೆರಿಗೆ ಇಲ್ಲ, ಆದರೂ ಅಂಗಡಿ ಮಿತಿ ದಾಟಿತು. ನೋಂದಣಿ ಆದ ಮೇಲೆ ತೆರಿಗೆ ಬೀಳುವುದು ಆ 8 ಲಕ್ಷದ ಮೇಲೆ ಮಾತ್ರ.

ನೋಂದಣಿ ಆದವರು ಸಾಮಾನ್ಯ ದಾರಿಯಲ್ಲಿ ಹೋದರೆ ತಿಂಗಳಿಗೆ ಎರಡು ರಿಟರ್ನ್. ಮಾರಾಟದ ವಿವರಕ್ಕೆ ಜಿಎಸ್‌ಟಿಆರ್-1, ತೆರಿಗೆ ಕಟ್ಟಲು ಜಿಎಸ್‌ಟಿಆರ್-3ಬಿ. ವರ್ಷಕ್ಕೆ 24. ಇದನ್ನು ಇಳಿಸಲು ಎರಡು ದಾರಿ ಇವೆ.

ಒಂದು ಕಾಂಪೊಸಿಷನ್ ಸ್ಕೀಮ್. ಕನ್ನಡದಲ್ಲಿ ರಾಜಿ ತೆರಿಗೆ ಅಂತಾರೆ. ವಹಿವಾಟು 1.5 ಕೋಟಿಯೊಳಗಿನ ವ್ಯಾಪಾರಿಗಳು, ತಯಾರಕರು ಶೇ 1, ಮದ್ಯ ಮಾರದ ಹೋಟೆಲಿನವರು ಶೇ 5 ಕಟ್ಟಿದರೆ ಸಾಕು. ಇತರ ಸೇವೆಯವರಿಗೆ 50 ಲಕ್ಷದ ತನಕ ಶೇ 6. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ಅನ್ನುವ ಪುಟ್ಟ ಫಾರಂ, ವರ್ಷಕ್ಕೊಮ್ಮೆ ಜಿಎಸ್‌ಟಿಆರ್-4. 24 ಇದ್ದದ್ದು 5ಕ್ಕೆ ಇಳಿಯಿತು. ಯಾವ ಸಾಮಾನಿಗೆ ಶೇ 5, ಯಾವುದಕ್ಕೆ ಶೇ 18 ಅಂತ ತಲೆ ಕೆಡಿಸಿಕೊಳ್ಳಬೇಕಿಲ್ಲ.

ನಮ್ಮ 72 ಲಕ್ಷದ ಅಂಗಡಿಯಲ್ಲಿ ಹಾಲು, ತರಕಾರಿಯಂಥ ತೆರಿಗೆ ಇಲ್ಲದ್ದು 12 ಲಕ್ಷ ಅಂದುಕೊಳ್ಳಿ. ಉಳಿದ 60 ಲಕ್ಷಕ್ಕೆ ಶೇ 1 ಅಂದರೆ ವರ್ಷಕ್ಕೆ 60,000, ಮೂರು ತಿಂಗಳಿಗೆ 15,000. ಈ ವಿನಾಯಿತಿ ವ್ಯಾಪಾರಿಗಳಿಗೆ. ತಯಾರಕರಾದರೆ ಒಟ್ಟು ವಹಿವಾಟಿನ ಮೇಲೆ ಶೇ 1.

ಸರಳತೆಗೆ ಬೆಲೆ ಇದೆ. ಆ ಶೇ 1 ಅನ್ನು ಗಿರಾಕಿಯಿಂದ ಬೇರೆಯಾಗಿ ವಸೂಲಿ ಮಾಡುವಂತಿಲ್ಲ, ಲಾಭದಿಂದಲೇ ಕೊಡಬೇಕು. ಸಾಮಾನು ತರುವಾಗ ಕಟ್ಟಿದ ಜಿಎಸ್‌ಟಿ ವಾಪಸ್ ಸಿಗುವುದಿಲ್ಲ. ಹೊರ ರಾಜ್ಯಕ್ಕೆ ಮಾರುವಂತಿಲ್ಲ. ಬಿಲ್ ಮೇಲೂ ಅಂಗಡಿಯ ಬೋರ್ಡ್ ಮೇಲೂ ತಾವು ರಾಜಿ ತೆರಿಗೆಯವರು ಅಂತ ಬರೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮಿಂದ ಕೊಂಡ ವ್ಯಾಪಾರಿಗೆ ತೆರಿಗೆ ಕ್ರೆಡಿಟ್, ಅಂದರೆ ಕೊಳ್ಳುವಾಗಿನ ತೆರಿಗೆಯನ್ನು ತಾನು ಕಟ್ಟಬೇಕಾದದ್ದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಬೀದಿಯ ಜನರಿಗೆ ಮಾರುವ ಅಂಗಡಿಗೆ ಇದರಿಂದ ಏನೂ ತೊಂದರೆ ಇಲ್ಲ. ಪೀಣ್ಯದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ವರ್ಕ್‌ಶಾಪ್ ಈ ದಾರಿ ಹಿಡಿದರೆ, ಕ್ರೆಡಿಟ್ ಇಲ್ಲ ಅಂತ ಆರ್ಡರೇ ಬೇರೆ ಕಡೆ ಹೋಗಬಹುದು.

ಅಂಥವರಿಗೆ ಎರಡನೇ ದಾರಿ ಇದೆ. 2021ರ ಜನವರಿಯಿಂದ ಬಂದದ್ದು, ಅಕೌಂಟೆಂಟುಗಳು ಕ್ಯೂಆರ್‌ಎಂಪಿ ಅನ್ನುತ್ತಾರೆ. ವಹಿವಾಟು 5 ಕೋಟಿಯೊಳಗಿದ್ದರೆ ರಿಟರ್ನ್ ಮೂರು ತಿಂಗಳಿಗೊಮ್ಮೆ, ತೆರಿಗೆ ಮಾತ್ರ ತಿಂಗಳು ತಿಂಗಳು. ಕ್ವಾರ್ಟರ್‌ನ ಮೊದಲ ಎರಡು ತಿಂಗಳು, ಹಿಂದಿನ ಕ್ವಾರ್ಟರ್‌ನಲ್ಲಿ ಕ್ರೆಡಿಟ್ ಕಳೆದ ಮೇಲೆ ದುಡ್ಡಾಗಿ ಕಟ್ಟಿದ್ದರ ಶೇ 35 ಅನ್ನು ಚಲನ್ ಮೂಲಕ ಕಟ್ಟಿದರೆ ನಡೆಯುತ್ತದೆ. ಗಿರಾಕಿಗೆ ಕ್ರೆಡಿಟ್ ಬೇಗ ಬೇಕಿದ್ದರೆ ಆ ಬಿಲ್‌ಗಳನ್ನಷ್ಟೇ ನಡುವೆ ಅಪ್‌ಲೋಡ್ ಮಾಡಬಹುದು. 24 ರಿಟರ್ನ್ 8ಕ್ಕೆ ಇಳಿಯುತ್ತದೆ.

ನಮ್ಮ ಟೀ ಅಂಗಡಿಯವರು ಕೇಳಿದ ಪ್ರಶ್ನೆ ಇನ್ನೂ ಬಾಕಿ ಇದೆ. 'ಹನ್ನೆರಡು ರೂಪಾಯಿ ಟೀಗೂ ಬಿಲ್ ಹರೀಬೇಕಾ ಸಾರ್?' ಬೇಡ. 200 ರೂಪಾಯಿಗಿಂತ ಕಡಿಮೆ ಮಾರಾಟಕ್ಕೆ, ಗಿರಾಕಿ ಜಿಎಸ್‌ಟಿ ನೋಂದಣಿ ಇಲ್ಲದವರಾಗಿದ್ದು ಬಿಲ್ ಕೇಳದಿದ್ದರೆ, ದಿನದ ಕೊನೆಗೆ ಎಲ್ಲ ಸೇರಿಸಿ ಒಂದೇ ಬಿಲ್ ಬರೆದರೆ ಸಾಕು. ಇದನ್ನು ಹೇಳಿದಾಗ ಅವರ ಮುಖದಲ್ಲಿ ಆ ವಾರದ ಮೊದಲ ನಗು ಕಂಡೆ.

ಕಂಪನಿ ಮಾಡಿಕೊಂಡವರಿಗೆ

ಪ್ರೈವೇಟ್ ಲಿಮಿಟೆಡ್ ಅಂತ ಬೋರ್ಡ್ ಹಾಕಿದ ಮೇಲೆ ಆಟದ ನಿಯಮ ಬೇರೆ. ಇಲ್ಲಿ ವ್ಯಾಪಾರ ಒಂದು ರೂಪಾಯಿಯದ್ದಾದರೂ ಆಡಿಟ್ ತಪ್ಪುವುದಿಲ್ಲ. ಆದರೆ 'ಸಣ್ಣ ಕಂಪನಿ'ಗೆ ಕೆಲವು ಭಾರ ಇಳಿಯುತ್ತದೆ. ಪಾವತಿಯಾದ ಬಂಡವಾಳ 4 ಕೋಟಿ, ವಹಿವಾಟು 40 ಕೋಟಿ ಎಂದಿದ್ದ ಮಿತಿಯನ್ನು 2025ರ ಡಿಸೆಂಬರ್‌ನಲ್ಲಿ 10 ಕೋಟಿ ಮತ್ತು 100 ಕೋಟಿಗೆ ಏರಿಸಿದರು. ಇವರು ನಗದು ಹರಿವಿನ ಪಟ್ಟಿ ಮಾಡಬೇಕಿಲ್ಲ. ವಾರ್ಷಿಕ ರಿಟರ್ನ್ ಚಿಕ್ಕ ಫಾರಂನಲ್ಲಿ ಮುಗಿಯುತ್ತದೆ. ನಿರ್ದೇಶಕರ ಸಭೆ ವರ್ಷಕ್ಕೆ ನಾಲ್ಕರ ಬದಲು ಎರಡು.

ಹೆಸರಿಗೆ ಗೌರವ ಬರುತ್ತದೆ ಅಂತ ಕಂಪನಿ ಮಾಡಿಕೊಂಡು, ಆಮೇಲೆ ಆಡಿಟ್ ಫೀಸು, ತಡವಾದ ಫಾರಂಗಳ ದಂಡ ಕಟ್ಟುತ್ತಾ ಕೂತವರನ್ನು ನೋಡಿದ್ದೇನೆ. ಅಂದಾಜು ಲಾಭದ ದಾರಿಯೂ ಅವರಿಗೆ ಮುಚ್ಚಿರುತ್ತದೆ.

ಬ್ಯಾಂಕಿನ ಬಾಗಿಲಲ್ಲಿ

ಇದುವರೆಗಿನದ್ದೆಲ್ಲ ತೆರಿಗೆಯ ಮಾತು. ಸಾಲಕ್ಕೆ ಹೋದಾಗ ಇದೇ ಕಾಗದಗಳನ್ನು ಇನ್ನೊಂದು ಕಣ್ಣಿನಲ್ಲಿ ಓದುತ್ತಾರೆ. ಮ್ಯಾನೇಜರ್ ಕೇಳುವುದು ಎರಡು ಮೂರು ವರ್ಷದ ಐಟಿ ರಿಟರ್ನ್, ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್. ನಮ್ಮ ದಿನಸಿ ಅಂಗಡಿಯವರ ನಿಜವಾದ ಲಾಭ 7 ಲಕ್ಷ ಇರಬಹುದು. ರಿಟರ್ನ್‌ನಲ್ಲಿ ಇರುವುದು 4.76 ಲಕ್ಷ. ಕಂತು ಕಟ್ಟುವ ಶಕ್ತಿಯನ್ನು ಬ್ಯಾಂಕು ಅಳೆಯುವುದು ಆ 4.76ರ ಮೇಲೆಯೇ. 'ಸಾರ್, ನಿಜಕ್ಕೂ ಜಾಸ್ತಿ ಬರುತ್ತೆ' ಅಂತ ಬಾಯಲ್ಲಿ ಹೇಳಿದರೆ ಅದು ಫೈಲಿನಲ್ಲಿ ದಾಖಲಾಗುವುದಿಲ್ಲ. ತಿಳಿದವರು ಅದಕ್ಕೇ ಶೇ 6ರ ಕನಿಷ್ಠಕ್ಕೆ ನಿಲ್ಲದೆ ಇದ್ದಷ್ಟು ಲಾಭ ತೋರಿಸುತ್ತಾರೆ. 12 ಲಕ್ಷದೊಳಗೆ ಹೇಗೂ ತೆರಿಗೆ ಬೀಳುವುದಿಲ್ಲವಲ್ಲ.

ಹಾಗಾದರೆ ಏನು ಬರೆದಿಡಬೇಕು?

ಐವತ್ತು ರೂಪಾಯಿಯ ಒಂದು ಉದ್ದ ನೋಟ್‌ಬುಕ್ ಸಾಕು. ಸಾಫ್ಟ್‌ವೇರ್ ಇದ್ದರೆ ಇನ್ನೂ ಒಳ್ಳೆಯದು, ಇಲ್ಲದಿದ್ದರೆ ಅಜ್ಜನ ಕಾಲದ ಕಿರ್ದಿಯೇ ನಡೆಯುತ್ತದೆ. ದಿನಕ್ಕೆ ಒಂದು ಸಾಲು. ನಗದು ಮಾರಾಟ, ಫೋನಿನ ಮಾರಾಟ, ಉದ್ರಿ, ಖರ್ಚು, ಮನೆಗೆ ತೆಗೆದದ್ದು. ತೆರಿಗೆ ಇಲ್ಲದ ಸಾಮಾನು ಮಾರುವವರು ಅದಕ್ಕೊಂದು ಬೇರೆ ಕಾಲಂ ಹಾಕಿಕೊಳ್ಳಿ. ಸಾಮಾನು ತಂದ ಬಿಲ್‌ಗಳನ್ನು ತಿಂಗಳಿಗೊಂದು ಕವರಿನಲ್ಲಿ ಹಾಕಿಡಿ. ಮಾರ್ಚ್ 31ರ ರಾತ್ರಿ ಒಂದೆರಡು ಗಂಟೆ ಕೂತು ದಾಸ್ತಾನು ಎಣಿಸಿ.

ಸಾಧ್ಯವಾದರೆ ಅಂಗಡಿಗೇ ಒಂದು ಬೇರೆ ಬ್ಯಾಂಕ್ ಖಾತೆ, ಬೇರೆ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಆಗದಿದ್ದರೆ ಕೊನೆಯ ಕಾಲಂಗೆ 'ವ್ಯಾಪಾರ ಅಲ್ಲದ್ದು' ಅಂತ ಹೆಸರಿಡಿ. ತಮ್ಮ ಕಳಿಸಿದ 5,000, ಚೀಟಿ ಎತ್ತಿದ ದುಡ್ಡು, ಮಗಳ ಫೀಸಿಗೆ ಮಾವ ಹಾಕಿದ್ದು ಎಲ್ಲ ಅಲ್ಲಿಗೆ ಹೋಗಲಿ, ಯಾರು ಯಾಕೆ ಕಳಿಸಿದರು ಅನ್ನುವ ಎರಡು ಪದದ ಜೊತೆ. ಮೂರು ವರ್ಷ ಬಿಟ್ಟು ಯಾರಾದರೂ ಆ ಅಂಕಿ ತೋರಿಸಿ ಕೇಳಿದಾಗ ನೆನಪಿನಿಂದ ಹೇಳಲು ಆಗುವುದಿಲ್ಲ.

ಜಿಎಸ್‌ಟಿ ನೋಂದಣಿ ಇದ್ದವರು ಪುಸ್ತಕ, ಬಿಲ್‌ಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು, ಅಂದರೆ ಆರು ವರ್ಷ ಇಟ್ಟುಕೊಂಡಿರಬೇಕು. ಬಿಲ್ಲಿಂಗ್ ಮೆಷಿನ್ನಿನ ಕಾಗದ ಅಷ್ಟು ದಿನ ಬಾಳುವುದಿಲ್ಲ, ಕಾಲ ಕಳೆದಂತೆ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಅದರ ಫೋಟೊ ತೆಗೆದಿಡಿ.